ಕೊಟ್ಟ ದುಡ್ಡು ಕರಗದಂತೆ: ದಾವಣಗೆರೆಯ ದತ್ತಿಗಳ ಹಿಂದುಮುಂದು

ಹಳೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ಹೆಡ್‌ಮಾಸ್ತರರ ಕೋಣೆಯ ಗೋಡೆ ಮೇಲೆ ಒಂದು ಹಲಗೆ ಇರುತ್ತದೆ. ಕಪ್ಪು ಬಣ್ಣ, ಮೇಲೆ ಹಳದಿ ಅಥವಾ ಬಿಳಿ ಅಕ್ಷರ. ದಾನಿಯ ಹೆಸರು, ಯಾರ ಸ್ಮರಣಾರ್ಥ, ಎಷ್ಟು ಮೊತ್ತ, ಯಾವುದಕ್ಕೆ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಹೆಚ್ಚು ಅಂಕ ತೆಗೆದವರಿಗೆ 501 ರೂಪಾಯಿಯ ದತ್ತಿ. ಗಣಿತದಲ್ಲಿ ಮೊದಲು ಬಂದವರಿಗೆ 1,001 ರೂಪಾಯಿಯ ದತ್ತಿ. ಅರವತ್ತು, ಎಪ್ಪತ್ತರ ದಶಕದಲ್ಲಿ ಸಾವಿರ ರೂಪಾಯಿ ಎಂದರೆ ಮೇಷ್ಟ್ರ ಕೆಲವು ತಿಂಗಳ ಸಂಬಳ. ಕೊಟ್ಟವರು ಸುಮ್ನೆ ಕೊಟ್ಟಿದ್ದಲ್ಲ, ಹೊಟ್ಟೆ ಬಟ್ಟೆ ಕಟ್ಟಿ ಕೊಟ್ಟಿದ್ದು.

ಆ 1,001 ರೂಪಾಯಿಗೆ ಇವತ್ತು ಶೇ 7ರ ಬಡ್ಡಿ ಹಿಡಿದರೆ ವರ್ಷಕ್ಕೆ 70 ರೂಪಾಯಿ ಬರುತ್ತದೆ. ಒಂದು ಬೆಣ್ಣೆ ದೋಸೆಯ ದುಡ್ಡು. ಮಗುವಿಗೆ ಕೊಡಲು ನಾಚಿಕೆಯಾಗಿ ಎಷ್ಟೋ ಶಾಲೆಗಳಲ್ಲಿ ಮೇಷ್ಟ್ರೇ ಜೇಬಿನಿಂದ ಸೇರಿಸಿ ಬಹುಮಾನ ಕೊಡುತ್ತಾರೆ. ಹಲಗೆ ಗಟ್ಟಿಯಾಗಿದೆ, ಹಣ ಕರಗಿದೆ.

ದಾವಣಗೆರೆ ಕೊಡುವುದರಲ್ಲಿ ಹಿಂದೆ ಬಿದ್ದ ಊರಲ್ಲ. ಇಲ್ಲಿನ ಶಾಲೆ, ಕಾಲೇಜು, ಛತ್ರ, ಆಸ್ಪತ್ರೆಗಳಿಗೆಲ್ಲ ದಾನಿಗಳ ಹೆಸರಿದೆ. ಕೊಟ್ಟಿದ್ದನ್ನು ಕಾಯುವುದು, ಕಾಲಕ್ಕೆ ತಕ್ಕ ಹಾಗೆ ಅದರ ದಾರಿ ಬದಲಿಸುವುದು, ಇಡೀ ಊರಿಗೆ ಸೇರಿದ ಒಂದು ಗಂಟು ಕಟ್ಟುವುದು, ಈ ಮೂರೂ ನಮ್ಮಿಂದ ಇನ್ನೂ ಆಗಿಲ್ಲ. ಯಾಕೆ ಆಗಲಿಲ್ಲ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹರಿಹರದ ಹರಿಹರೇಶ್ವರ ದೇವಸ್ಥಾನವನ್ನು 1224ರ ಹೊತ್ತಿಗೆ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ಆವರಣದಲ್ಲಿ ನಿಂತಿರುವ ಎತ್ತರದ ಶಾಸನ ಕಲ್ಲುಗಳು ದಾನದ ದಾಖಲೆಗಳೇ. ಆ ಕಾಲದ ಕನ್ನಡ ಶಾಸನಗಳನ್ನು ಓದಿದರೆ ಅವರ ಲೆಕ್ಕಾಚಾರ ಎಷ್ಟು ಪಕ್ಕಾ ಇತ್ತು ಎಂದು ಗೊತ್ತಾಗುತ್ತದೆ. ಇಷ್ಟು ಗದ್ಯಾಣ ಚಿನ್ನ ಇಟ್ಟರೆ ಅದರ ಬಡ್ಡಿಯಲ್ಲಿ ನಂದಾದೀಪಕ್ಕೆ ಎಣ್ಣೆ. ಕೆರೆಯ ಹೂಳು ತೆಗೆಯಲು, ಏರಿ ದುರಸ್ತಿ ಮಾಡಲು ಬೇರೆಯೇ ಗದ್ದೆ. ಅದಕ್ಕೆ ಬಿತ್ತುವಟ್ಟ, ಕೆರೆಗೊಡಗೆ ಎಂಬ ಹೆಸರುಗಳಿದ್ದವು. ಕೆರೆ ಕಟ್ಟಿಸಿದರೆ ಸಾಲದು, ವರ್ಷಾವರ್ಷ ನೋಡಿಕೊಳ್ಳಲು ಆದಾಯ ಬೇಕು ಅಂತ ಅವರಿಗೆ ತಿಳಿದಿತ್ತು. ಮೂಲಧನ ಮುಟ್ಟದೆ ಫಲ ಮಾತ್ರ ಬಳಸುವುದು ನಮಗೆ ಹೊರಗಿನಿಂದ ಬಂದ ಪಾಠ ಅಲ್ಲ.

ಅದನ್ನು ಕಾಯಲು ಕಚೇರಿ ಇರಲಿಲ್ಲ, ಶಾಪ ಇತ್ತು. ಶಾಸನಗಳ ಕೊನೆಯಲ್ಲಿ ಬರುವ 'ಸ್ವದತ್ತಾಂ ಪರದತ್ತಾಂ ವಾ' ಶ್ಲೋಕ ಹೇಳುವುದು ಇಷ್ಟೇ: ತಾನು ಕೊಟ್ಟಿದ್ದಾಗಲಿ, ಬೇರೆಯವರು ಕೊಟ್ಟಿದ್ದಾಗಲಿ, ದಾನದ ಭೂಮಿಯನ್ನು ಕಿತ್ತುಕೊಂಡವನು 60 ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ. ಇಷ್ಟು ಕಟುವಾಗಿ ಬರೆಸಿದ್ದಾರೆ ಎಂದರೆ ಆಗಲೂ ದತ್ತಿ ನುಂಗುವವರಿದ್ದರು ಅಂತ ತಾನೇ ಅರ್ಥ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ವಿಷಯವನ್ನೂ ಇಲ್ಲೇ ಹೇಳಬೇಕು. ಶಾಂತವ್ವ ಕಟ್ಟಿಸಿದ್ದು ಎಂದು ಜನ ನಂಬಿಕೊಂಡು ಬಂದಿರುವ ಈ ಕೆರೆಯ ನೀರು ನೂರಾರು ವರ್ಷಗಳ ನಂತರ ಚಿತ್ರದುರ್ಗದ ನಲ್ಲಿಗಳಿಗೆ ಬರುತ್ತಿದೆ. ಕಟ್ಟಿಸಿದವರು ಆ ಊರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಕ್ಕಿಲ್ಲ. ಒಂದು ಉಪಯೋಗಕ್ಕೆ ಮಾಡಿದ್ದು ಇನ್ನೊಂದಕ್ಕೂ ಒದಗಿತು. ಹಣದ ದತ್ತಿಗೆ ಈ ಗುಣ ತಾನಾಗಿ ಬರುವುದಿಲ್ಲ. ಪತ್ರದಲ್ಲಿ ಬರೆದ ಉದ್ದೇಶಕ್ಕೆ ಅದು ಅಂಟಿಕೊಂಡೇ ಇರುತ್ತದೆ.

ಇನ್ನು ವ್ಯಾಪಾರದ ಕಾಲ. ರೈಲು ಬಂದ ಮೇಲೆ ದಾವಣಗೆರೆ ಹತ್ತಿ, ಶೇಂಗಾ ಮಂಡಿಯಾಗಿ ಬೆಳೆಯಿತು. ಹತ್ತಿ ಗಿರಣಿಗಳು ಬಂದವು, ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ದುಡ್ಡು ಮಾಡಿದವರು ಊರಿಗೆ ತಿರುಗಿ ಕೊಟ್ಟರು. ರಾಜನಹಳ್ಳಿ ಹನುಮಂತಪ್ಪನವರ ಛತ್ರ ಇವತ್ತಿಗೂ ಊರಿನ ಗುರುತು. ಡಿಆರ್‌ಎಂ ಸೈನ್ಸ್ ಕಾಲೇಜು ಎಂದು ಎಲ್ಲರೂ ಕರೆಯುವ ಕಾಲೇಜಿನ ಪೂರ್ತಿ ಹೆಸರು ಧರ್ಮಪ್ರಕಾಶ ರಾಜನಹಳ್ಳಿ ಮದ್ದೂರಾಯಪ್ಪ ವಿಜ್ಞಾನ ಕಾಲೇಜು. ಧರ್ಮಪ್ರಕಾಶ ಎಂಬುದು ಮೈಸೂರು ಮಹಾರಾಜರು ದಾನಿಗಳಿಗೆ ಕೊಡುತ್ತಿದ್ದ ಬಿರುದು. ಜಿಲ್ಲಾಸ್ಪತ್ರೆಗೆ ಜನ ಈಗಲೂ ಹೇಳುವುದು ಚಿಗಟೇರಿ ಆಸ್ಪತ್ರೆ ಎಂದೇ.

ಈ ದೊಡ್ಡ ಹೆಸರುಗಳ ಪಕ್ಕದಲ್ಲೇ ಹೆಸರಿಲ್ಲದ ಒಂದು ದಾನವೂ ನಡೆಯುತ್ತಿತ್ತು. ನನಗೆ ಜಾಸ್ತಿ ಕಾಡುವುದು ಅದೇ. ದೇಶದ ಮಂಡಿಗಳಲ್ಲೆಲ್ಲ ಧರ್ಮಾದಾಯ ಎಂಬ ರೂಢಿ ಇತ್ತು. ಲೆಕ್ಕದ ಚೀಟಿಯಲ್ಲಿ ದಲಾಲಿ, ಹಮಾಲಿ, ತೂಕದ ಕೂಲಿಯ ಜೊತೆಗೆ ಧರ್ಮ ಅಂತ ಒಂದು ಸಾಲು. ಮೂಟೆಗಿಷ್ಟು, ಗಾಡಿಗಿಷ್ಟು. ಹಾಗೆ ಕೂಡಿದ ಹಣ ಗೋಶಾಲೆಗೆ, ಅರವಟ್ಟಿಗೆಗೆ, ಶಾಲೆಗೆ, ದೇವಸ್ಥಾನಕ್ಕೆ ಹೋಗುತ್ತಿತ್ತು. ಈ ಹಣ ವ್ಯಾಪಾರಿಯ ಆದಾಯವಲ್ಲ, ಧರ್ಮಕಾರ್ಯಕ್ಕೇ ಸೇರಿದ್ದು ಎಂದು ಸುಪ್ರೀಂ ಕೋರ್ಟ್ ಕೂಡ ಹೇಳಿತು. ಸಣ್ಣ ಸಣ್ಣ ಪಾಲು ಸೇರಿ ಊರಿನ ಗಂಟಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಾ? ಆದರೆ ಇದರಲ್ಲಿ ಒಂದು ಅನ್ಯಾಯವೂ ಇತ್ತು. ಚೀಟಿಯ ಆ ಸಾಲಿನ ದುಡ್ಡು ಕೊನೆಗೆ ಹೋಗುತ್ತಿದ್ದುದು ಬಹಳ ಸಲ ರೈತನ ಜೇಬಿನಿಂದ. ಹಲಗೆ ಮೇಲೆ ಬರುತ್ತಿದ್ದುದು ಬೇರೆಯವರ ಹೆಸರು. ಖರ್ಚು ಎಲ್ಲಿಗೆ ಎಂಬುದರಲ್ಲಿ ರೈತನ ಮಾತಿಗೆ ಜಾಗವಿರಲಿಲ್ಲ. ಮಾರುಕಟ್ಟೆಯ ಕಾಯಿದೆಗಳು ಬಂದು ಇಂಥ ಕಡಿತಗಳನ್ನು ನಿಲ್ಲಿಸಿದ್ದು ಸರಿ. ಅದರ ಜಾಗದಲ್ಲಿ ಇನ್ನೊಂದು ಸಾಮೂಹಿಕ ಗಂಟು ಮಾತ್ರ ಹುಟ್ಟಲಿಲ್ಲ.

ಮಠಗಳ ಪಾಲು ಸಣ್ಣದಲ್ಲ. ಚಿತ್ರದುರ್ಗದ ಬೃಹನ್ಮಠದ ಜಯದೇವ ಜಗದ್ಗುರುಗಳು ನಾಡಿನ ಅನೇಕ ಊರುಗಳಲ್ಲಿ ಉಚಿತ ಹಾಸ್ಟೆಲ್‌ಗಳನ್ನು ತೆರೆದರು. ದಾವಣಗೆರೆಯ ಜಯದೇವ ವೃತ್ತ, 1965ರಲ್ಲಿ ಶುರುವಾದ ಜೆಜೆಎಂ ಮೆಡಿಕಲ್ ಕಾಲೇಜು ಅವರ ಹೆಸರನ್ನೇ ಹೊತ್ತಿವೆ. ಸಿರಿಗೆರೆಯ ಮಠ ಹಳ್ಳಿಗಳಲ್ಲಿ ಹೈಸ್ಕೂಲುಗಳನ್ನು ಕಟ್ಟಿತು. ಆಮೇಲೆ ಒಂದೊಂದು ಸಮಾಜವೂ ತನ್ನ ಮಕ್ಕಳಿಗೆ ಹಾಸ್ಟೆಲ್ ಮಾಡಿಕೊಂಡಿತು. ಹಳ್ಳಿಯಿಂದ ಟ್ರಂಕು ಹೊತ್ತು ಬಂದ ಸಾವಿರಾರು ಹುಡುಗರು ಓದಿದ್ದು ಆ ಅನ್ನದಿಂದ. ಆದರೆ ಯಾವ ಸಮಾಜದಲ್ಲಿ ಗಿರಣಿ ಮಾಲೀಕರಿರಲಿಲ್ಲವೋ, ಮಂಡಿ ವ್ಯಾಪಾರಿಗಳಿರಲಿಲ್ಲವೋ, ಆ ಮಕ್ಕಳ ಪಾಲಿಗೆ ಸರ್ಕಾರಿ ಹಾಸ್ಟೆಲ್ ಒಂದೇ ದಿಕ್ಕಾಯಿತು. ದಾನ ತನ್ನವರ ಕಡೆಗೇ ಹರಿದರೆ ಬಡವರಲ್ಲಿ ಬಡವರಿಗೆ ಮುಟ್ಟುವುದು ಕಡಿಮೆ. ಇದನ್ನು ಯಾರ ಮೇಲಿನ ದೂರಾಗಿಯೂ ಹೇಳುತ್ತಿಲ್ಲ. ಆದರೆ ಹೇಳದೆ ಬಿಡುವ ಹಾಗೂ ಇಲ್ಲ.

ಈಗ ಸ್ವಲ್ಪ ದೂರದ ಕಥೆ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಬ್ರಯಾನ್ ಮಲ್ಲನ್ಫಿ ಎಂಬವರು 1851ರಲ್ಲಿ ಸತ್ತಾಗ ತಮ್ಮ ಆಸ್ತಿಯ ಮೂರನೇ ಒಂದು ಪಾಲನ್ನು ಪಶ್ಚಿಮಕ್ಕೆ ವಲಸೆ ಹೋಗುವ ಬಡ ಪ್ರಯಾಣಿಕರ ನೆರವಿಗೆ ಬರೆದಿಟ್ಟಿದ್ದರು. ಆಗ ಅದು ನಿಜವಾದ ಕಷ್ಟ. ಗಾಡಿ ಕಟ್ಟಿಕೊಂಡು ಜನ ಆ ಊರಿನ ಮೇಲೆಯೇ ಹೋಗುತ್ತಿದ್ದರು. ಕೆಲವು ದಶಕಗಳಲ್ಲಿ ರೈಲು ಬಂತು, ಅಂಥ ಪ್ರಯಾಣಿಕರು ಕಡಿಮೆಯಾದರು. ನಿಧಿ ಉಳಿಯಿತು, ಅದನ್ನು ಪಡೆಯಬೇಕಾದವರೇ ಸಿಗದಂತಾದರು.

ಇಂಥ ತೊಡಕುಗಳಿಗೆ ದಾರಿ ಹುಡುಕಿದವರು ಕ್ಲೀವ್‌ಲ್ಯಾಂಡಿನ ಬ್ಯಾಂಕರ್ ಫ್ರೆಡರಿಕ್ ಗಾಫ್. ಬ್ಯಾಂಕಿನಲ್ಲಿ ಕೂತು ಅವರು ನೋಡಿದ್ದು, ಸತ್ತವರ ಉಯಿಲುಗಳು ಬದುಕಿರುವವರ ಕೈ ಕಟ್ಟಿಹಾಕುವುದನ್ನು. 1914ರಲ್ಲಿ ಅವರು ಕ್ಲೀವ್‌ಲ್ಯಾಂಡ್ ಫೌಂಡೇಷನ್ ಶುರು ಮಾಡಿದರು. ಇದು ಜಗತ್ತಿನ ಮೊದಲ ಸಮುದಾಯ ಪ್ರತಿಷ್ಠಾನ. ಏರ್ಪಾಡು ಸರಳ. ಹಲವು ದಾನಿಗಳ ಹಣ ಒಂದೇ ಕಡೆ ಹೂಡಿಕೆಯಾಗುತ್ತದೆ. ಅದರ ಆದಾಯವನ್ನು ಊರಿನ ಪ್ರಮುಖರ ಸಮಿತಿಯೊಂದು ಊರಿನ ಅಗತ್ಯಕ್ಕೆ ಹಂಚುತ್ತದೆ. ದಾನಿ ಹೇಳಿದ ಉದ್ದೇಶ ಕಾಲಕ್ಕೆ ಹೊಂದದೆ ಹೋದರೆ ಬದಲಿಸುವ ಅಧಿಕಾರ ಸಮಿತಿಗೆ ಮೊದಲೇ ಇರುತ್ತದೆ. ಇನ್ನೊಂದು ವಿಷಯ ನನಗೆ ಬಹಳ ಮೆಚ್ಚುಗೆ. ಆ ಸಂಸ್ಥೆ ಶುರುವಿನ ವರ್ಷಗಳಲ್ಲಿ ಮಾಡಿದ್ದು ಕಟ್ಟಡ ಅಲ್ಲ, ಸಮೀಕ್ಷೆ. ಊರಿನ ಶಾಲೆಗಳು ಹೇಗಿವೆ, ಪೊಲೀಸು ಕೋರ್ಟುಗಳ ವ್ಯವಸ್ಥೆ ಹೇಗಿದೆ ಎಂದು ಮೊದಲು ಅಧ್ಯಯನ ಮಾಡಿಸಿತು.

ಈಗ ಇಂಥ ಸಂಸ್ಥೆಗಳಲ್ಲಿ ದಾನಿಗೆ ಹಲವು ದಾರಿಗಳಿವೆ. ಇಂಥ ಶಾಲೆಗೇ ಹೋಗಲಿ ಎಂದು ಬರೆದು ಕೊಡಬಹುದು. ಆರೋಗ್ಯಕ್ಕೆ, ನೀರಿಗೆ ಅಂತ ಕ್ಷೇತ್ರ ಮಾತ್ರ ಹೇಳಬಹುದು. ಪ್ರತಿವರ್ಷ ಯಾರಿಗೆ ಕೊಡಬೇಕೆಂದು ಸಲಹೆ ಕೊಡುತ್ತಾ ಇರಬಹುದು. ಇಲ್ಲವೇ, ಊರಿಗೆ ಯಾವುದು ತುರ್ತೋ ಅದಕ್ಕೆ ಬಳಸಿ ಎಂದು ಬಿಟ್ಟುಬಿಡಬಹುದು. ಈ ಕೊನೆಯ ದಾನ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಸಿಗುವುದೂ ಎಲ್ಲಕ್ಕಿಂತ ಕಷ್ಟ. ಮೂಲಧನದ ಶೇ 4-5ರಷ್ಟನ್ನು ಮಾತ್ರ ಖರ್ಚು ಮಾಡಿ ಉಳಿದ ಗಳಿಕೆಯನ್ನು ಅಸಲಿಗೆ ಸೇರಿಸುವುದು ಅಲ್ಲಿನ ಸಾಮಾನ್ಯ ಪದ್ಧತಿ.

ಈ ಸೇರಿಸುವ ಕೆಲಸದಲ್ಲೇ ಎಲ್ಲಾ ಇದೆ. 10 ಲಕ್ಷ ರೂಪಾಯಿ ದತ್ತಿ ಅಂದುಕೊಳ್ಳಿ. ಶೇ 7ರ ಎಫ್‌ಡಿ, ವರ್ಷಕ್ಕೆ 70 ಸಾವಿರ ಬಡ್ಡಿ. ಅಷ್ಟನ್ನೂ ಖರ್ಚು ಮಾಡುತ್ತಾ ಹೋದರೆ, ಬೆಲೆಗಳು ವರ್ಷಕ್ಕೆ ಶೇ 5 ಏರಿದರೂ ಸಾಕು, 14-15 ವರ್ಷದಲ್ಲಿ ಆ ದತ್ತಿಯ ಶಕ್ತಿ ಅರ್ಧ. 40 ಸಾವಿರ ಖರ್ಚು ಮಾಡಿ 30 ಸಾವಿರ ಅಸಲಿಗೆ ಸೇರಿಸಿದರೆ ಅರ್ಧಕ್ಕಿಳಿಯಲು ಸುಮಾರು 35 ವರ್ಷ ಬೇಕು. ಶಾಲೆಯ ಹಲಗೆಗಳ ದತ್ತಿಗಳಿಗೆ, ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳಿಗೆ, ವಿಶ್ವವಿದ್ಯಾಲಯಗಳ ಚಿನ್ನದ ಪದಕಗಳಿಗೆ ಎದುರಾಗುವ ಕಷ್ಟ ಒಂದೇ. ತಂದೆ ತಾಯಿಯ ಹೆಸರಿನಲ್ಲಿ ಇಟ್ಟ ದತ್ತಿಯ ಬಡ್ಡಿ ಉಪನ್ಯಾಸಕರ ಬಸ್ ಚಾರ್ಜಿಗೂ ಸಾಲದೆ ಹೋದರೆ, ಕೊಟ್ಟವರ ಮಕ್ಕಳಿಗೆ ಅದನ್ನು ಯಾರಾದರೂ ಬಿಡಿಸಿ ಹೇಳಬೇಕು. ಹೇಳಿದರೆ ಬಹಳ ಜನ ಖುಷಿಯಿಂದಲೇ ಸೇರಿಸಿ ಕೊಡುತ್ತಾರೆ.

ಅಮೆರಿಕದ ಪದ್ಧತಿಯನ್ನು ಹಾಗೇ ಎತ್ತಿ ಇಲ್ಲಿ ಇಡಲು ಆಗುವುದಿಲ್ಲ. ನಮ್ಮ ತೆರಿಗೆ ಕಾನೂನಿನಲ್ಲಿ ಧರ್ಮಾರ್ಥ ಟ್ರಸ್ಟ್ ತನ್ನ ವರ್ಷದ ಆದಾಯದ ಶೇ 85ನ್ನು ಸಾಮಾನ್ಯವಾಗಿ ಖರ್ಚು ಮಾಡಲೇಬೇಕು. ನಿರ್ದಿಷ್ಟ ಉದ್ದೇಶ ಹೇಳಿ ಕೆಲವು ವರ್ಷ ಕೂಡಿಡಲು ಅವಕಾಶ ಇದೆ, ಅಷ್ಟೇ. ಮೂಲಧನಕ್ಕೆಂದೇ ಬರೆದುಕೊಟ್ಟ ದಾನವನ್ನು ಬೇರೆಯಾಗಿ ಇಡಬಹುದು, ಆದರೆ ಕಾನೂನು ಹೇಳಿದ ಕಡೆಯೇ ಹೂಡಬೇಕು. ಹಾಗಾಗಿ ಬಡ್ಡಿಯನ್ನು ದೊಡ್ಡ ಪ್ರಮಾಣದಲ್ಲಿ ಅಸಲಿಗೆ ಸೇರಿಸುವ ದಾರಿ ಇಲ್ಲಿ ಇಕ್ಕಟ್ಟಾಗಿದೆ. ಗಂಟು ಬೆಳೆಯಬೇಕಾದರೆ ಪ್ರತಿವರ್ಷ ಹೊಸ ದಾನಿಗಳು ಬರಬೇಕು. ಕಂಪನಿಗಳ ಸಿಎಸ್‌ಆರ್ ಹಣದ ಮೇಲೂ ಈ ವಿಷಯದಲ್ಲಿ ಆಸೆ ಇಟ್ಟುಕೊಳ್ಳುವ ಹಾಗಿಲ್ಲ. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇ 2ನ್ನು ಸಮಾಜಕ್ಕೆ ಕೊಡಬೇಕು, ಸರಿ. ಆದರೆ 2021ರ ತಿದ್ದುಪಡಿಯ ನಂತರ ಅದನ್ನು ಯಾವ ಸಂಸ್ಥೆಯ ಮೂಲಧನಕ್ಕೂ ಹಾಕುವಂತಿಲ್ಲ. ಅದು ಆಯಾ ಯೋಜನೆಗೆ ಖರ್ಚಾಗುವ ಹಣ. ಗಿರಣಿಗಳು ಮುಚ್ಚಿದ, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿದ ಈ ಜಿಲ್ಲೆಯಲ್ಲಿ ಮೂಲಧನ ಬರಬೇಕಾದದ್ದು ಮನೆಮನೆಗಳಿಂದಲೇ. ಇಲ್ಲಿ ಓದಿ ಬೆಂಗಳೂರಿಗೆ, ಹೊರದೇಶಕ್ಕೆ ಹೋದ ಡಾಕ್ಟರು, ಎಂಜಿನಿಯರುಗಳಿಂದ, ಪಿಂಚಣಿ ಪಡೆಯುವ ಮೇಷ್ಟ್ರುಗಳಿಂದ.

ಹಳೆಯ ಟ್ರಸ್ಟುಗಳ ಉದ್ದೇಶ ಬದಲಿಸುವುದು ಸುಲಭವಲ್ಲ. ದೇವಸ್ಥಾನಗಳಿಗೆ ಧಾರ್ಮಿಕ ದತ್ತಿ ಇಲಾಖೆ ಇದೆ, ವಕ್ಫ್ ಆಸ್ತಿಗೆ ಮಂಡಳಿ ಇದೆ. ಉಳಿದ ಸಾರ್ವಜನಿಕ ಟ್ರಸ್ಟುಗಳಲ್ಲಿ ಏನಾದರೂ ಬದಲಾಗಬೇಕಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ಕೋರ್ಟಿನ ಮೆಟ್ಟಿಲು ಹತ್ತಬೇಕು. ಅದಕ್ಕೆ ಆಗುವ ವರ್ಷ, ಆಗುವ ಖರ್ಚು ನೆನೆಸಿಕೊಂಡು ಜನ ಸುಮ್ಮನಾಗುತ್ತಾರೆ. ಅದಕ್ಕೇ ಹೊಸದಾಗಿ ಬರೆಯುವ ಟ್ರಸ್ಟ್ ಪತ್ರದಲ್ಲೇ ಈ ಬಾಗಿಲು ತೆರೆದಿಡಬೇಕು.

ದುಡ್ಡು ಬೇಕಾದ ಜಾಗಗಳು ಕಣ್ಣೆದುರಿಗೇ ಇವೆ. ಜಿಲ್ಲಾಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಜಗಳೂರಿನ ಹಳ್ಳಿಗಳಿಂದ ವಾರಕ್ಕೆ ಎರಡು ಮೂರು ಸಲ ಬರಬೇಕಾದವರಿದ್ದಾರೆ. ಚಿಕಿತ್ಸೆಗೆ ಸರ್ಕಾರದ ಯೋಜನೆ ಇದ್ದರೂ ಬಸ್ಸಿನ ದುಡ್ಡು, ಜೊತೆಗೆ ಬಂದವರ ಊಟ, ತಪ್ಪಿದ ಕೂಲಿ ಯಾವ ಯೋಜನೆಯಲ್ಲೂ ಬರುವುದಿಲ್ಲ. ಪಿಯುಸಿ ಮುಗಿಸಿದ ಹುಡುಗಿ ನರ್ಸಿಂಗ್‌ಗೆ ಸೇರಲು ಮೊದಲ ಕಂತು ಹೊಂದಿಸಲಾಗದೆ ಮನೆಯಲ್ಲಿ ಉಳಿಯುತ್ತಾಳೆ. ಚಿತ್ರದುರ್ಗ ಜಿಲ್ಲೆಯ ಫ್ಲೋರೈಡ್ ನೀರಿನ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕ ಕಟ್ಟಲು ದಾನಿ ಸಿಗುತ್ತಾರೆ. ಅದರ ಫಿಲ್ಟರ್ ಬದಲಿಸಲು ಸಿಗುವುದಿಲ್ಲ. ಫಿಲ್ಟರ್ ಮೇಲೆ ಹೆಸರು ಬರೆಸಲು ಆಗುವುದಿಲ್ಲ ಅಲ್ವಾ.

ಇವಕ್ಕೆಲ್ಲ ಒದಗುವಂಥ, ಇಡೀ ಊರಿಗೆ ಸೇರಿದ ಒಂದು ನಿಧಿ ದಾವಣಗೆರೆಯಲ್ಲಿ ಹುಟ್ಟಿದರೆ ಅದರ ಪತ್ರದಲ್ಲಿ ಏನಿರಬೇಕು ಎಂಬುದರಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಟ್ರಸ್ಟಿಗಿರಿ ಒಂದೇ ಮನೆತನದಲ್ಲಿ ತಂದೆಯಿಂದ ಮಗನಿಗೆ ಹೋಗಬಾರದು, ಅವಧಿ ಮುಗಿದ ಮೇಲೆ ಇಳಿಯಲೇಬೇಕು. ಸಮಿತಿಯಲ್ಲಿ ಮಂಡಕ್ಕಿ ಭಟ್ಟಿಯ ಕೆಲಸಗಾರರ ಕಡೆಯಿಂದ, ಹಮಾಲರ ಕಡೆಯಿಂದ, ಆಶಾ ಕಾರ್ಯಕರ್ತೆಯರ ಕಡೆಯಿಂದ ಜನ ಇರಬೇಕು, ಕೊಡುವವರು ಮಾತ್ರ ಅಲ್ಲ. ಯಾವ ದತ್ತಿಯ ಉದ್ದೇಶವನ್ನೂ ಮುಕ್ಕಾಲು ಪಾಲು ಸದಸ್ಯರ ಒಪ್ಪಿಗೆಯ ಮೇಲೆ, ದಾನಿಯ ಮನೆಯವರ ಮಾತು ಕೇಳಿ, ಬದಲಿಸುವ ಹಾಗಿರಬೇಕು. ವರ್ಷದ ಲೆಕ್ಕವನ್ನು ಊರಿನ ಸಭೆಯಲ್ಲಿ ಕನ್ನಡದಲ್ಲಿ ಜೋರಾಗಿ ಓದಬೇಕು. ಸಾವಿರ ರೂಪಾಯಿ ಕೊಟ್ಟವರಿಗೂ ಎದ್ದು ನಿಂತು ಪ್ರಶ್ನೆ ಕೇಳುವ ಹಕ್ಕಿರಬೇಕು.