ಬಂಕಾಪುರ ಕೋಟೆ: ದನದ ಫಾರ್ಮು ನವಿಲುಧಾಮವಾದ ಕಥೆ

ಹಾವೇರಿ ಜಿಲ್ಲೆಯ ಬಂಕಾಪುರ ಕೋಟೆ ಎಂದರೆ ಒಬ್ಬರಿಗೆ ನವಿಲುಧಾಮ, ಇನ್ನೊಬ್ಬರಿಗೆ ನಗರೇಶ್ವರ ಗುಡಿ. ಸುತ್ತಲಿನ ಹಿರಿಯ ರೈತರಿಗೆ ಅದು ಇವತ್ತಿಗೂ ದನದ ಫಾರ್ಮು. ಮೂರೂ ಒಂದೇ ಕಂದಕದ ಒಳಗಿವೆ. ಗುಡಿ ಪುರಾತತ್ವ ಇಲಾಖೆಗೆ, ದನ ಪಶುಪಾಲನಾ ಇಲಾಖೆಗೆ, ನವಿಲು ಅರಣ್ಯ ಇಲಾಖೆಗೆ. ಗೊಂದಲ ಆಗದೆ ಇರುತ್ತಾ?

ಊರಿಗೆ ಹೆಸರು ಬಂದದ್ದು ರಾಷ್ಟ್ರಕೂಟರ ದಂಡನಾಯಕ ಬಂಕೆಯನಿಂದ. ಆಮೇಲೆ ಚಾಲುಕ್ಯರು, ವಿಜಯನಗರ, ಆದಿಲ್‌ಶಾಹಿ, ಸವಣೂರು ನವಾಬರು, ಬ್ರಿಟಿಷರು. ಚಾಲುಕ್ಯರ ಕಾಲದ ನಗರೇಶ್ವರ ಗುಡಿಯನ್ನು ಜನ ಅರವತ್ತು ಕಂಬದ ಗುಡಿ ಅಂತಾರೆ. ಎಣಿಸಿದರೆ 66.

ಈಗಿನ ಕಥೆ ಶುರುವಾಗುವುದು 1919ರಲ್ಲಿ. ಆಗ ಬಂಕಾಪುರ ಧಾರವಾಡ ಜಿಲ್ಲೆಯಲ್ಲಿತ್ತು, ಆ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಕೋಟೆಯೊಳಗೆ ಕಿಲಾರಿ ತಳಿಯ ಕೇಂದ್ರ ಬಂತು. ಕಿಲಾರಿ ಹಾಲಿನ ದನವಲ್ಲ. ಬಿಳಿ ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಉದ್ದ ಕೋಡು, ಬಿರುಸು ನಡಿಗೆ. ಚಕ್ಕಡಿಗೂ ಎರೆ ಹೊಲಕ್ಕೂ ಇಂಥ ಎತ್ತೇ ಬೇಕು. ಆದರೆ ಒಳ್ಳೆ ಬೀಜದ ಹೋರಿ ಎಲ್ಲರ ಮನೆಯಲ್ಲಿ ಇರುವುದಿಲ್ಲ. ಆರಿಸಿದ ಹೋರಿ, ಹಸು ಇಟ್ಟುಕೊಂಡು ತಳಿ ಕೆಡದಂತೆ ಕರು ಬೆಳೆಸುವುದು ಇಂಥ ಫಾರ್ಮಿನ ಕೆಲಸ.

ದನಕ್ಕೆ ಮೇವು ಬೇಕು, ಮೇವಿಗೆ ಹೊಲ ಬೇಕು, ಹೊಲಕ್ಕೆ ಬೇಲಿ ಬೇಕು. ಬೇಲಿ ಪುಕ್ಕಟೆಯಾಗಿ ಸಿಕ್ಕಿತ್ತು: ಕೋಟೆ ಗೋಡೆ, ಸುತ್ತ ಕಂದಕ. ಕಂದಕದಲ್ಲಿ ಬೇವು, ಹುಣಸೆ, ಜಾಲಿ ಬೆಳೆದವು. ಲಂಟಾನ ಪೊದೆ ಹಬ್ಬಿತು. ಜನರ ಓಡಾಟ ಕಡಿಮೆ. ನವಿಲಿಗೆ ಇನ್ನೇನು ಬೇಕು? ಮೊಟ್ಟೆ ಇಡಲು ಪೊದೆ, ರಾತ್ರಿ ಕೂರಲು ಮರ, ಹಗಲು ಕೆದರಿ ತಿನ್ನಲು ಕಾಳು, ಹುಳು.

2006ರಲ್ಲಿ 139 ಎಕರೆ ನವಿಲುಧಾಮ ಎಂದು ಘೋಷಣೆಯಾಯಿತು. ಅಷ್ಟರಲ್ಲಿ ಹೊಲಕ್ಕೆ ಟ್ರ್ಯಾಕ್ಟರ್ ಬಂದು ಎತ್ತಿನ ಕೆಲಸ ಕಡಿಮೆಯಾಗಿತ್ತು. ದೀಪಾವಳಿಗೆ ಕೊರಳಿಗೆ ಕೊಬ್ಬರಿ ಕಟ್ಟಿ ಹೋರಿ ಓಡಿಸುವ ನಮ್ಮ ಜಿಲ್ಲೆಗೆ ಹೋರಿಯ ಹುಚ್ಚು ಏನೂ ಇಳಿದಿಲ್ಲ, ಆ ಮಾತು ಬೇರೆ.

ಈಗ ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರಿಗೆ ಬೇಡ. ಗೋಡೆ ಸಂದಿಯಲ್ಲಿ ಬೇರು ಬಿಟ್ಟ ಗಿಡ ಕೋಟೆಗೆ ಕೇಡು, ನವಿಲಿಗೆ ಮರೆ. ಗುಡಿ ನೋಡಲು ಜನ ಬರಬೇಕು, ಜನ ಜಾಸ್ತಿಯಾದರೆ ನವಿಲು ನಿಲ್ಲುವುದಿಲ್ಲ. ನವಿಲು ಹೊರಗಿನ ಹೊಲಕ್ಕೆ ಇಳಿದರೆ ರೈತ ಕೂಗಿ ಓಡಿಸಬಹುದು ಅಷ್ಟೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನವಿಲಿನ ಬೆನ್ನಿಗಿದೆ.

ಈ ಜಗ್ಗಾಟದಲ್ಲಿ ದನದ ಮಾತು ಎತ್ತುವವರು ಕಡಿಮೆ. ಫಾರ್ಮು ಯಾಕೆ ಬೇಕು ಎಂದು ಕೇಳುವುದು ಸುಲಭ. ಆದರೆ ನವಿಲು ಗರಿ ಬಿಚ್ಚುವುದು ಪೊದೆಯೊಳಗಲ್ಲ, ಬಯಲಲ್ಲಿ. ಮೇವಿನ ಹೊಲ ಪಾಳು ಬಿದ್ದರೆ ಅಲ್ಲಿಗೆ ಮೊದಲು ಬರುವುದು ಲಂಟಾನವೇ ಅಲ್ವಾ?