ಸಾಲ್ವರ್ ಬರೆಯೋಕೆ ಮೊದಲು ಸಿ ಪ್ಲಸ್ ಪ್ಲಸ್ ಪೂರ್ತಿ ಕಲೀಬೇಕಾ?

ಪ್ರಶ್ನೆ: ಸರ್, ನಮ್ಮದು ತಿಪಟೂರು. ಕೊಬ್ಬರಿ ಡ್ರೈಯರ್‌ನೊಳಗೆ ಬಿಸಿಗಾಳಿ ಹೇಗೆ ಹರಿಯುತ್ತೆ ಅಂತ ನೋಡೋಕೆ ಹರಿವನ್ನು ಲೆಕ್ಕಹಾಕೋ, ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದ ಓಪನ್‌ಫೋಮ್ ತಂತ್ರಾಂಶದಲ್ಲಿ ನನ್ನದೇ ಸಾಲ್ವರ್, ಅಂದರೆ ಹರಿವಿನ ಸಮೀಕರಣ ಬಿಡಿಸೋ ಪ್ರೋಗ್ರಾಂ, ಬರೀಬೇಕು. ಮೊದಲು ಸಿ ಪ್ಲಸ್ ಪ್ಲಸ್ ಪೂರ್ತಿ ಕಲೀಬೇಕಾ?

ಉತ್ತರ: ಬೇಡ. ಪ್ರಾಜೆಕ್ಟ್ ಸಮಯ ಬಂತೆಂದರೆ ತುಮಕೂರಿನ ಮಕ್ಕಳಿಗೆ ಇದನ್ನೇ ಹೇಳ್ತಾ ಬಂದಿದ್ದೀನಿ, ಆದರೂ ಈ ನಂಬಿಕೆ ಅಲುಗಾಡೋದಿಲ್ಲ. ದಪ್ಪ ಪುಸ್ತಕ ಹಿಡಿದು, ಟೆಂಪ್ಲೇಟ್ ಅಧ್ಯಾಯದಲ್ಲೇ ಸುಸ್ತಾಗಿ, ಸಾಲ್ವರ್ ಆಸೆಯನ್ನೇ ಬಿಟ್ಟವರನ್ನು ನೋಡಿದರೆ ಸಂಕಟವಾಗುತ್ತೆ.

ಓಪನ್‌ಫೋಮ್ 1980ರ ದಶಕದ ಕೊನೆಗೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹುಟ್ಟಿ, 2004ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಸಮೀಕರಣ ಕಾಗದದ ಮೇಲೆ ಹೇಗಿದೆಯೋ ಕೋಡ್‌ನಲ್ಲೂ ಹಾಗೇ ಕಾಣಬೇಕು ಅನ್ನೋದು ಅದನ್ನು ಕಟ್ಟಿದವರ ಹಟ. ಕಾಲದ ಜೊತೆ ಬದಲಾಗೋದಕ್ಕೆ ಡಿಡಿಟಿ, ಗಾಳಿ ಹೊತ್ತೊಯ್ಯೋದಕ್ಕೆ ಡಿವ್, ಹರಡೋದಕ್ಕೆ ಲ್ಯಾಪ್ಲೇಸಿಯನ್. ಅದರಲ್ಲೇ ಸಿಗೋ ಸರಳ ಸಾಲ್ವರ್ ಐಕೋಫೋಮ್ ಅನ್ನು ಕಾಪಿ ಮಾಡಿ, ಹೆಸರು ಬದಲಿಸಿ, ಕೋಡ್ ಕಂಪೈಲ್ ಮಾಡೋ ಡಬ್ಲ್ಯುಮೇಕ್ ಆಜ್ಞೆ ಕೊಡಿ. ಕ್ರಿಯೇಟ್‌ಫೀಲ್ಡ್ಸ್ ಫೈಲ್‌ನಲ್ಲಿ ಉಷ್ಣತೆಯ ಫೀಲ್ಡ್ (ಪ್ರತಿ ಜಾಗದ ಉಷ್ಣತೆ ಹಿಡಿದಿಡೋದು) ಸೇರಿಸಿ, ವೇಗದ ಲೆಕ್ಕ ಮುಗಿಯೋ ಜಾಗದಲ್ಲಿ ಅದರ ಸಮೀಕರಣ ಬರೆಯಿರಿ. ಎಲ್ಲಾ ಸೇರಿ ಹತ್ತಿಪ್ಪತ್ತು ಸಾಲು. ಇದಕ್ಕೆ ವೇರಿಯಬಲ್, ಲೂಪ್, ಫಂಕ್ಷನ್ ಗೊತ್ತಿರಬೇಕು. ಎರರ್ ಬಂದಾಗ ಮೊದಲ ಎರರ್‌ನಿಂದಲೇ ಓದೋ ತಾಳ್ಮೆ ಇರಬೇಕು. ಅಷ್ಟೇ. ಬಿಸಿಗಾಳಿ ತಾನಾಗಿ ಮೇಲೇರೋದು ಇದರಲ್ಲಿ ಇನ್ನೂ ಬಂದಿಲ್ಲ. ತೇಲುಬಲ ಎರಡನೇ ಹೆಜ್ಜೆ.

ಮಕ್ಕಳು ನಿಜಕ್ಕೂ ಎಡವೋದು ಒತ್ತಡದಲ್ಲಿ. ಇಂಥ ಹರಿವಿನಲ್ಲಿ ಒತ್ತಡಕ್ಕೆ ಸ್ವಂತ ಸಮೀಕರಣವಿಲ್ಲ. ಪ್ರತಿ ಸೆಲ್‌ಗೆ (ಲೆಕ್ಕಕ್ಕೆಂದು ಜಾಗವನ್ನು ಹೋಳುಮಾಡಿದ ಪುಟ್ಟ ತುಣುಕು) ಬಂದಷ್ಟೇ ಹೊರಗೆ ಹೋಗಬೇಕು ಅನ್ನೋ ನಿಯಮದಿಂದ ಅದನ್ನು ಕಟ್ಟಿಕೊಳ್ಳಬೇಕು. ಪಟಾಂಕರ್ ಮತ್ತು ಸ್ಪಾಲ್ಡಿಂಗ್ 1972ರಲ್ಲಿ ಕೊಟ್ಟ ‘ಸಿಂಪಲ್’ ಅನ್ನೋ ಹೆಸರಿನ ವಿಧಾನವನ್ನು ಪೆನ್ನು ಹಿಡಿದು ಒಮ್ಮೆ ಬಿಡಿಸಿ ನೋಡಿ, ಐಕೋಫೋಮ್ ಬಳಸೋ ಅದೇ ಜಾತಿಯ ಪೀಸೋ ವಿಧಾನ ಆಮೇಲೆ ಸಲೀಸು. ಪುಸ್ತಕಕ್ಕೆ ಎತ್ತಿಟ್ಟ ತಿಂಗಳುಗಳನ್ನು ಇಲ್ಲಿಗೆ ಕೊಡಿ.

ಫಲಿತಾಂಶದ ಬಣ್ಣದ ಚಿತ್ರ ಬಂದ ಮೇಲೆ ಉತ್ತರ ಸರಿಯಿದೆಯಾ ಅಂತ ಯಾರೂ ಕೇಳೋದಿಲ್ಲ, ನಾನೇ ಹೇಳಿಬಿಡ್ತೀನಿ. ಓಪನ್‌ಫೋಮ್ ಜೊತೆಗೇ ಬರೋ ಕ್ಯಾವಿಟಿ ಉದಾಹರಣೆ (ಮುಚ್ಚಳ ಮಾತ್ರ ಸರಿಯೋ ಚೌಕ ಪೆಟ್ಟಿಗೆಯೊಳಗಿನ ಹರಿವು) ರೆನಾಲ್ಡ್ಸ್ ಸಂಖ್ಯೆ 10ರದ್ದು; ವೇಗವನ್ನು ಗಾತ್ರದಿಂದ ಗುಣಿಸಿ ಸ್ನಿಗ್ಧತೆಯಿಂದ, ಅಂದರೆ ಅಂಟುತನದಿಂದ, ಭಾಗಿಸಿದರೆ ಆ ಸಂಖ್ಯೆ. ಸ್ನಿಗ್ಧತೆಯನ್ನು 0.01ರಿಂದ 0.001ಕ್ಕೆ ಇಳಿಸಿದರೆ 100 ಆಗುತ್ತೆ. ಹರಿವು ಸ್ಥಿರವಾಗೋವರೆಗೂ ಓಡಿಸಿ. ಇದೇ ಹರಿವಿಗೆ ಸಂಶೋಧಕ ಘಿಯಾ ಅವರ ತಂಡ 1982ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ ಪೆಟ್ಟಿಗೆಯ ನಟ್ಟನಡುವೆ ಅಡ್ಡವೇಗ ಮುಚ್ಚಳದ ವೇಗದ -0.20581 ಪಟ್ಟು. ಬದಿಗೆ 20 ಸೆಲ್ ಇರೋ ಮೆಷ್ (ಸೆಲ್‌ಗಳ ಜಾಲ) ಅನ್ನು 40, 80 ಮಾಡ್ತಾ, ಟೈಮ್‌ಸ್ಟೆಪ್ ಅನ್ನೂ ಪ್ರತಿಸಲ ಅರ್ಧಕ್ಕಿಳಿಸ್ತಾ ಹೋದ ಹಾಗೆ ನಿಮ್ಮ ಸಂಖ್ಯೆ ಅದರ ಹತ್ತಿರ ಬರಬೇಕು. ಉಷ್ಣತೆ ಸೇರಿಸಿದ ಮೇಲೂ ಅದು ಕದಲದೆ ನಿಂತರೆ ಡ್ರೈಯರ್‌ನ ಮೆಷ್ ಶುರುಮಾಡಿ.