ಕಿಲೋಮೀಟರಿನ ಲೆಕ್ಕವೂ ಮಳೆಗಾಲದ ಲೆಕ್ಕವೂ

ಐದು ವರ್ಷಗಳಲ್ಲಿ 22 ಸಾವಿರ ಕಿಲೋಮೀಟರ್ ಮಾತ್ರ ಓಡಿದ ಕಾರಿಗೆ ಬ್ರೇಕ್ ಪ್ಯಾಡ್ ಬದಲಿಸಬೇಕೆಂದು ಹೇಳಿದಾಗ ಕಾರವಾರದಿಂದ ನನ್ನ ಗ್ಯಾರೇಜಿಗೆ ಬಂದಿದ್ದ ಗ್ರಾಹಕರಿಗೆ ಬೇಸರವಾಯಿತು. ಅವರ ಬೇಸರ ಸಹಜವೇ ಆಗಿತ್ತು. ಎಡ ಮುಂಗಾಲಿಯ ಎರಡೂ ಪ್ಯಾಡುಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟು ಅಳೆದು ತೋರಿಸಿದೆ. ಹೊರಬದಿಯ ಪ್ಯಾಡು 7 ಮಿಲಿಮೀಟರ್ ಉಳಿದಿತ್ತು, ಒಳಬದಿಯದು 2 ಮಿಲಿಮೀಟರಿಗೂ ಕಡಿಮೆ. ಪ್ಯಾಡುಗಳನ್ನು ಹಿಡಿದು ಒತ್ತುವ ಕ್ಯಾಲಿಪರ್ ಜಾರಬೇಕಾದ ಗೈಡ್ ಪಿನ್ನಿನ ರಬ್ಬರ್ ಹೊದಿಕೆ ಹರಿದು, ಉಪ್ಪುಗಾಳಿಯ ತೇವ ಒಳಹೊಕ್ಕು, ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಹೀಗಾದಾಗ ಪ್ಯಾಡನ್ನು ತಳ್ಳುವ ಪಿಸ್ಟನ್ ಇರುವ ಒಳಬದಿಯ ಪ್ಯಾಡೊಂದೇ ಚಕ್ರದೊಡನೆ ತಿರುಗುವ ಡಿಸ್ಕನ್ನು ಒತ್ತುತ್ತದೆ, ಇಬ್ಬರು ಹೊರಬೇಕಾದ ಹೊರೆಯನ್ನು ಒಬ್ಬನೇ ಹೊತ್ತಂತೆ. ಚಕ್ರದ ಸಂದಿಯಿಂದ ಇಣುಕಿದರೆ ಕಾಣುವುದು ಹೊರಬದಿಯ ಪ್ಯಾಡು ಮಾತ್ರ.

ಸವೆಯುವ ಭಾಗಗಳನ್ನು ಎಷ್ಟು ಕಿಲೋಮೀಟರಿಗೊಮ್ಮೆ ಬದಲಿಸಬೇಕೆಂದು ಕೇಳುವವರಿಗೆ ನಾನು ಮೊದಲು ಕೇಳುವುದು ಕಾರು ಎಷ್ಟು ಮಳೆಗಾಲ ಕಂಡಿದೆ, ತಿಂಗಳಿಗೆ ಎಷ್ಟು ಸಲ ಘಟ್ಟ ಇಳಿಯುತ್ತದೆ, ರಾತ್ರಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು. ಕಂಪನಿಯ ಕೈಪಿಡಿಯಲ್ಲಿ ಕಿಲೋಮೀಟರಿನ ಪಕ್ಕದಲ್ಲೇ ತಿಂಗಳುಗಳ ಲೆಕ್ಕವೂ ಇರುತ್ತದೆ, ಯಾವುದು ಮೊದಲು ಬರುತ್ತದೋ ಅದನ್ನು ಪಾಲಿಸಬೇಕೆಂಬ ಸೂಚನೆಯೂ ಇರುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಬಹುತೇಕ ಭಾಗಗಳಿಗೆ ಮೊದಲು ಬರುವುದು ತಿಂಗಳ ಲೆಕ್ಕವೇ.

ಬ್ರೇಕ್ ಆಯಿಲ್ ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ. ಬಹಳಷ್ಟು ಜನ ಇದನ್ನು ಸವೆಯುವ ಭಾಗವೆಂದು ಎಣಿಸುವುದೇ ಇಲ್ಲ. ಪೆಡಲಿನ ಒತ್ತಡವನ್ನು ಚಕ್ರದ ಬ್ರೇಕಿಗೆ ಒಯ್ಯುವ ಈ ದ್ರವ ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಳ್ಳುತ್ತದೆ, ಕಾರು ನಿಂತಲ್ಲೇ ನಿಂತಿದ್ದರೂ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವಕ್ಕೆ ಇರಬೇಕಾದ ಕನಿಷ್ಠ ಕುದಿಬಿಂದು 230 ಡಿಗ್ರಿ ಸೆಲ್ಸಿಯಸ್. ಸುಮಾರು ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಅದೇ ಮಾನದಂಡ 155 ಡಿಗ್ರಿಗೆ ಇಳಿಯುತ್ತದೆ. ಊರೊಳಗಿನ ಓಡಾಟದಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಗೊತ್ತಾಗುವುದು ಶಿರಸಿ ಕುಮಟಾ ನಡುವಿನ ದೇವಿಮನೆ ಘಟ್ಟದಲ್ಲಿ. ನಾಲ್ವರು ಕುಳಿತ ಸಣ್ಣ ಕಾರು ಸುಮಾರು 1,300 ಕಿಲೋ ತೂಗುತ್ತದೆ. ಅದು 500 ಮೀಟರ್ ಎತ್ತರದಿಂದ ಇಳಿಯುವಾಗ ಹೊಮ್ಮುವ ಶಕ್ತಿ ಬಚ್ಚಲ ಹಂಡೆಯಲ್ಲಿನ 20 ಲೀಟರ್ ತಣ್ಣೀರನ್ನು ಕುದಿಗೆ ತರುವಷ್ಟಿರುತ್ತದೆ. ಎರಡನೇ ಗೇರಿನಲ್ಲಿ ಇಳಿಯುವವನು ಇದರ ದೊಡ್ಡ ಪಾಲನ್ನು ಎಂಜಿನ್ನಿನ ಮೇಲೆ ಹಾಕುತ್ತಾನೆ, ನಾಲ್ಕನೇ ಗೇರಿನಲ್ಲಿ ಬ್ರೇಕ್ ತುಳಿದುಕೊಂಡೇ ಇಳಿಯುವವನು ಹೆಚ್ಚುಕಡಿಮೆ ಎಲ್ಲವನ್ನೂ ಬ್ರೇಕಿನ ಮೇಲೆ ಹೇರುತ್ತಾನೆ. ಕಾವಿಗೆ ದ್ರವ ಕುದಿದು ಆವಿಯ ಗುಳ್ಳೆಗಳೆದ್ದರೆ ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗುತ್ತದೆ.

ಇದರಲ್ಲಿ ಮೋಸ ಹೋಗುವ ಸಂಗತಿಯೊಂದಿದೆ. ಘಟ್ಟದ ಬುಡದಲ್ಲಿ ಅರ್ಧ ಗಂಟೆ ಕಾರು ನಿಲ್ಲಿಸಿ ಚಹಾ ಕುಡಿದು ಬರುವಷ್ಟರಲ್ಲಿ ದ್ರವ ತಣಿದು, ಆವಿ ಮತ್ತೆ ದ್ರವವಾಗಿ, ಪೆಡಲ್ ಮೊದಲಿನಂತೆ ಗಟ್ಟಿಯಾಗಿರುತ್ತದೆ. ಗ್ಯಾರೇಜಿಗೆ ತಂದಾಗ ಯಾವ ದೋಷವೂ ಕಾಣದೆ, ತಮಗೆ ಭ್ರಮೆಯಾಗಿರಬೇಕೆಂದು ಮಾಲೀಕರು ಸಮಾಧಾನಪಟ್ಟುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ದ್ರವ ಕಷಾಯದ ಬಣ್ಣಕ್ಕೆ ತಿರುಗುವವರೆಗೂ ಕಾಯಬೇಡಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ವಾರವಾರವೂ ಘಟ್ಟ ಹತ್ತಿಳಿಯುವ ಕಾರಾದರೆ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಬದಲಿಸುವುದು ನನ್ನ ರೂಢಿ. ದ್ರವದ ಮಟ್ಟ ಇಳಿದಿದೆಯೆಂದು ಸುಮ್ಮನೆ ಮೇಲಿಂದ ತುಂಬಿಸುವುದೂ ಸರಿಯಲ್ಲ. ಪ್ಯಾಡು ಸವೆದಂತೆ ಪಿಸ್ಟನ್ ಮುಂದೆ ಬಂದು ಮಟ್ಟ ತಾನಾಗಿ ಇಳಿಯುತ್ತದೆ, ಅಂದರೆ ಅದು ಪ್ಯಾಡಿನ ಸ್ಥಿತಿಯನ್ನು ಹೇಳುತ್ತಿರುತ್ತದೆ. ಎಲ್ಲಾದರೂ ಸೋರುತ್ತಿದ್ದರೂ ಮಟ್ಟ ಇಳಿಯುವುದರಿಂದ ಕಾರಣ ಹುಡುಕದೆ ತುಂಬಿಸಬಾರದು.

ಪ್ಯಾಡಿಗೆ ಇಂತಿಷ್ಟು ಸಾವಿರ ಕಿಲೋಮೀಟರ್ ಎಂದು ನಾನು ಹೇಳುವುದಿಲ್ಲ, ಏಕೆಂದರೆ ಶಿರಸಿ ಪೇಟೆಯೊಳಗೇ ಓಡುವ ಕಾರಿಗೂ ದಿನವೂ ಕುಮಟಾಕ್ಕೆ ಹೋಗಿಬರುವ ಕಾರಿಗೂ ಅದು ಒಂದೇ ಆಗಲು ಸಾಧ್ಯವಿಲ್ಲ. 10 ಸಾವಿರಕ್ಕೊಮ್ಮೆ ಚಕ್ರ ಬಿಚ್ಚಿಸಿ, ಎರಡೂ ಬದಿ ಅಳೆಸಿ, 3 ಮಿಲಿಮೀಟರಿಗೆ ಬಂದಿದ್ದರೆ ಎಡಬಲ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಆಗಲೇ ಗೈಡ್ ಪಿನ್ನುಗಳನ್ನು ತೊಳೆದು ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿಸಬೇಕು. ಕಡಲ ಪಕ್ಕದ ಮನೆಗಳಲ್ಲಿ ಮಳೆಯಲ್ಲಿ ನೆನೆದ ಕಾರಿಗೆ ಹ್ಯಾಂಡ್ ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದರೆ ಹಿಂದಿನ ಚಕ್ರಗಳ ಬ್ರೇಕ್ ಡ್ರಮ್ಮುಗಳೂ ಕಚ್ಚಿಕೊಳ್ಳುತ್ತವೆ. ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುವುದು ವಾಸಿ.

ಟಯರಿನ ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದು ಎಂಬುದು ಕಾನೂನು. ನಮ್ಮ ಹೆದ್ದಾರಿಯಲ್ಲಿ ಆಷಾಢದ ಮಳೆಗೆ ನೀರು ಹರಿಯುವುದನ್ನು ನೋಡಿದವನಾಗಿ, 3 ಮಿಲಿಮೀಟರಿಗೆ ಬಂದ ಟಯರಿನಲ್ಲಿ ಮಳೆಗಾಲ ಕಳೆಯಲು ನಾನು ಯಾರಿಗೂ ಹೇಳುವುದಿಲ್ಲ. ಗೆರೆ ಚೆನ್ನಾಗಿದ್ದರೂ ವಯಸ್ಸು ನೋಡಬೇಕು. ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕಂಕಿಯ ಸಂಖ್ಯೆ 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದ ಟಯರು. ಆರು ವರ್ಷ ದಾಟಿದ್ದನ್ನು, ಸ್ಟೆಪ್ನಿಯೂ ಸೇರಿದಂತೆ, ಬಿರುಕಿಗಾಗಿ ಬೆಳಕು ಹಿಡಿದು ನೋಡಿಸಬೇಕು.

ವೈಪರ್ ರಬ್ಬರನ್ನು ಹಾಳು ಮಾಡುವುದು ಮಳೆಯಲ್ಲ, ಏಪ್ರಿಲ್ ಮೇ ತಿಂಗಳ ಬಿಸಿಲು. ಮೃಗಶಿರ ಮಳೆ ಹಿಡಿಯುವ ಮೊದಲೇ, ಮೇ ಕೊನೆಯಲ್ಲಿ ಬದಲಿಸಿದರೆ ನಾಲ್ಕು ತಿಂಗಳು ನಿಶ್ಚಿಂತೆ. ಕಾರವಾರದೊಳಗೆ ನಾಲ್ಕೈದು ಕಿಲೋಮೀಟರ್ ಮಾತ್ರ ಓಡುವ ಕಾರಿನ ಎಂಜಿನ್ ಪೂರ್ತಿ ಬಿಸಿಯಾಗದೆ ಆಯಿಲ್‌ನಲ್ಲಿ ತೇವ ಉಳಿಯುವುದರಿಂದ, 10 ಸಾವಿರ ತುಂಬದಿದ್ದರೂ ವರ್ಷಕ್ಕೊಮ್ಮೆ ಅದನ್ನು ಬದಲಿಸಲೇಬೇಕು. ಬ್ಯಾಟರಿ ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಬಾಳುತ್ತದೆ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ 12.6 ವೋಲ್ಟಿನ ಹತ್ತಿರ ತೋರಿಸುತ್ತಿದ್ದರೆ ಅದು ಪೂರ್ತಿ ಚಾರ್ಜ್ ಆಗಿದೆ ಎಂದರ್ಥ. ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಕೈಪಿಡಿಯ ಅವಧಿಯನ್ನು ಒಂದು ದಿನವೂ ಮೀರಬೇಡಿ, ಅದು ತುಂಡಾದರೆ ಅನೇಕ ಎಂಜಿನ್ನುಗಳಲ್ಲಿ ವಾಲ್ವುಗಳೇ ಬಾಗುತ್ತವೆ.

ಬೇಗ ಬದಲಿಸಿ ಹಣ ಕಳೆದುಕೊಳ್ಳುವ ಭಾಗಗಳೂ ಇವೆ. ಇರಿಡಿಯಂ ತುದಿಯ ಸ್ಪಾರ್ಕ್ ಪ್ಲಗ್‌ಗಳು ಸಾಮಾನ್ಯವಾಗಿ ಒಂದು ಲಕ್ಷ ಕಿಲೋಮೀಟರಿನ ಆಸುಪಾಸಿನವರೆಗೆ ಬಾಳುತ್ತವೆ, ಅವನ್ನು 30 ಸಾವಿರಕ್ಕೇ ತೆಗೆಸುವ ಅಗತ್ಯವಿಲ್ಲ. ಏರ್ ಫಿಲ್ಟರನ್ನು ಡಾಂಬರು ರಸ್ತೆಯಲ್ಲೇ ಓಡುವವರು ಕೈಪಿಡಿಯಂತೆ ಬದಲಿಸಿದರೆ ಸಾಕು. ಬೇಸಿಗೆಯಲ್ಲಿ ತೋಟದ ಕೆಮ್ಮಣ್ಣಿನ ದಾರಿಯಲ್ಲಿ ಅಡಿಕೆ ಮೂಟೆ ಹೇರಿಕೊಂಡು ಓಡಾಡುವವರು ಮಾತ್ರ ತಿಂಗಳಿಗೊಮ್ಮೆ ಡಬ್ಬಿ ಬಿಚ್ಚಿ, ಫಿಲ್ಟರಿನ ಮಡಿಕೆಗಳ ನಡುವೆ ಕೆಂಪು ಧೂಳು ಎಷ್ಟು ಕೂತಿದೆಯೆಂದು ತಾವೇ ನೋಡಿಕೊಳ್ಳಬೇಕು.